ಶಿಶುಪಾಲನೆಯೆಂಬ ವಿದ್ಯೆ

ಮಗಳು ಇಂಜಿನಿಯರಳಾಗುವೆನೆಂದರೆ ತಂದೆತಾಯಿಗಳಿಗೆ ಹೆಮ್ಮೆ. ಆಸ್ಪತ್ರೆಯ ದಾದಿಯಾಗುವೆನೆಂದರೆ ಸಮಾಧಾನ. ಎಳೆಯ ಕೂಸುಗಳನ್ನು ನೋಡಿಕೊಳ್ಳುವುದನ್ನೇ ಉದ್ಯೋಗವಾಗಿ ಹಿಡಿಯುವೆನೆಂದರೆ ಮಾತ್ರ ಮನೆಯಲ್ಲಿ ಮೌನ. ‘ಮಕ್ಕಳನ್ನು ಆಡಿಸುವುದಕ್ಕೂ ಓದು ಬೇಕೆ? ನಮ್ಮ ಅಜ್ಜಿ ಯಾವ ಶಾಲೆಗೆ ಹೋಗಿದ್ದಳು?’ ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಅಜ್ಜಿಗೆ ಬಹಳ ತಿಳಿದಿತ್ತೆಂಬುದೇನೋ ನಿಜ. ಆದರೆ ಅಜ್ಜಿಯ ಮಡಿಲಲ್ಲಿದ್ದುದು ಒಂದು ಕೂಸು. ಶಿಶುಪಾಲನಾ ಕೇಂದ್ರದ ಹೆಂಗಸಿನ ಮುಂದಿರುವುವು ಹತ್ತು. ಅಜ್ಜಿ ಮಾಡುತ್ತಿದ್ದುದರಲ್ಲಿ ಮಗುವನ್ನು ಬೆಳೆಸಿದುದು ಯಾವುದು, ಬರಿಯ ರೂಢಿ ಯಾವುದು ಎಂಬುದನ್ನು ಅರಿಯದೆ ಆ ಹತ್ತನ್ನು ಸಾಕುವುದು ಸುಲಭವಲ್ಲ. ಆ ಅರಿವೇ ಒಂದು ವಿದ್ಯೆ. ಅದು ಹೇಗೆ ದೊರೆಯಿತೆಂಬುದನ್ನು ವಾಚಕರು ತಿಳಿಯಬೇಕು.

ಶುಚಿಯಾದ ಮನೆಯಲ್ಲಿ ಸೊರಗಿದ ಕೂಸುಗಳು

ವಿಯೆನ್ನದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ವೈದ್ಯ ರೆನೆ ಸ್ಪಿಟ್ಜ್ ಎಂಬವರು 1945ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಅವರು ಎರಡು ಸಂಸ್ಥೆಗಳ ಶಿಶುಗಳನ್ನು ಹೋಲಿಸಿದ್ದರು. ಒಂದು ಅನಾಥ ಶಿಶುಗಳ ಆಲಯ. ಅಲ್ಲಿ ಆಹಾರಕ್ಕೆ ಕೊರತೆಯಿರಲಿಲ್ಲ, ಶುಚಿತ್ವಕ್ಕೆ ಕುಂದಿರಲಿಲ್ಲ. ಆದರೆ ಸುಮಾರು ಎಂಟು ಕೂಸುಗಳಿಗೆ ಒಬ್ಬಳೇ ದಾದಿ. ತೊಟ್ಟಿಲುಗಳ ಕಟಕಟೆಗೆ ಬಟ್ಟೆ ಹೊದಿಸಿದ್ದುದರಿಂದ ಮಲಗಿದ ಮಗುವಿಗೆ ಕಾಣುತ್ತಿದ್ದುದು ಮಾಳಿಗೆಯೊಂದೇ. ಇನ್ನೊಂದು, ಸೆರೆಮನೆಗೆ ಸೇರಿದ ಶಿಶುಗೃಹ. ಅಲ್ಲಿ ಮಕ್ಕಳನ್ನು ಸಾಕುತ್ತಿದ್ದವರು ಶಿಕ್ಷೆಗೊಳಗಾದ ತಾಯಂದಿರೇ. ಮುಂದಿನ ವರದಿಯಲ್ಲಿ ಸ್ಪಿಟ್ಜ್ ಕೊಟ್ಟ ಲೆಕ್ಕ ಭೀಕರವಾದುದು: ಅನಾಥಾಲಯದ 91 ಶಿಶುಗಳಲ್ಲಿ 34 ಎರಡು ವರ್ಷಗಳೊಳಗೆ ತೀರಿಕೊಂಡಿದ್ದುವು. ಸೆರೆಮನೆಯ ಶಿಶುಗೃಹದಲ್ಲಿ ಒಂದೂ ಸತ್ತಿರಲಿಲ್ಲ.

ಸ್ಪಿಟ್ಜರ ಹೋಲಿಕೆಯಲ್ಲಿ ಲೋಪಗಳಿವೆಯೆಂದು ಅನಂತರದವರು ಎತ್ತಿ ತೋರಿಸಿದರು. ಎರಡು ಕಡೆಯ ಮಕ್ಕಳು ಎಲ್ಲ ವಿಷಯಗಳಲ್ಲಿಯೂ ಸಮಾನರಾಗಿರಲಿಲ್ಲ. ಗಟ್ಟಿಯಾದ ಪುರಾವೆ ದೊರೆತುದು ಈ ಶತಮಾನದ ಆರಂಭದಲ್ಲಿ, ರುಮೇನಿಯದ ರಾಜಧಾನಿ ಬುಖಾರೆಸ್ಟಿನಲ್ಲಿ. ಅಲ್ಲಿಯ ಅನಾಥಾಲಯಗಳಲ್ಲಿದ್ದ 136 ಎಳೆಯ ಮಕ್ಕಳನ್ನು ಚೀಟಿಯೆತ್ತಿದಂತೆ ಎರಡು ಪಂಗಡ ಮಾಡಿ, ಒಂದು ಪಂಗಡವನ್ನು ತರಬೇತಿ ಪಡೆದ ಸಾಕುಮನೆಗಳಿಗೆ ಕಳುಹಿಸಲಾಯಿತು. 2007ರಲ್ಲಿ ಬಂದ ಫಲಿತಾಂಶದಲ್ಲಿ ಸಾಕುಮನೆಯ ಮಕ್ಕಳ ಬುದ್ಧಿಶಕ್ತಿ ಉಳಿದವರಿಗಿಂತ ಮೇಲಾಗಿತ್ತು. ಎಷ್ಟು ಬೇಗ ಮನೆ ಸೇರಿದ್ದರೋ ಅಷ್ಟು ಹೆಚ್ಚು ಲಾಭ.

ಟಕಾರ ತಕಾರಗಳ ಸಾಕ್ಷ್ಯ

ಮಡಿಲು ದೊರೆಯದಿದ್ದರೆ ಬುದ್ಧಿಯೇಕೆ ಕುಂಠಿತವಾಗಬೇಕು? ಉತ್ತರ ಮಿದುಳಿನ ಬೆಳವಣಿಗೆಯಲ್ಲಿದೆ. ಹುಟ್ಟಿದಾಗ ಅದರ ತೂಕ ಸುಮಾರು 350ರಿಂದ 400 ಗ್ರಾಂ. ಎರಡು ವರ್ಷ ತುಂಬುವ ವೇಳೆಗೆ ಅದು ವಯಸ್ಕರ ಮಿದುಳಿನ ಮುಕ್ಕಾಲು ಗಾತ್ರವನ್ನು ದಾಟಿರುತ್ತದೆ. ಈ ಅವಧಿಯಲ್ಲಿ ನರಕೋಶಗಳ ನಡುವೆ ಅಸಂಖ್ಯಾತ ಕೂಡಿಕೆಗಳು ಏರ್ಪಡುತ್ತವೆ. ಬಳಕೆಗೆ ಬಂದವು ಗಟ್ಟಿಯಾಗುತ್ತವೆ. ಬಾರದವು ಕ್ರಮೇಣ ಕಳಚಿಹೋಗುತ್ತವೆ.

ಇದಕ್ಕೆ ಕನ್ನಡಿಗರಿಗೆ ಒಡನೆ ಮನದಟ್ಟಾಗುವ ನಿದರ್ಶನವೊಂದಿದೆ. ಟಕಾರಕ್ಕೂ ತಕಾರಕ್ಕೂ ಇರುವ ವ್ಯತ್ಯಾಸ ನಮಗೆ ಸಹಜವಾಗಿ ಕೇಳಿಸುತ್ತದೆ. ಇಂಗ್ಲಿಷನ್ನಷ್ಟೇ ಬಲ್ಲ ವಯಸ್ಕರಿಗೆ ಅದನ್ನು ಗುರುತಿಸುವುದು ಕಷ್ಟ. ಕೆನಡದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಹಿಂದಿಯ ಇಂಥ ಧ್ವನಿಗಳನ್ನು ಇಂಗ್ಲಿಷ್ ಮನೆಗಳ ಶಿಶುಗಳಿಗೆ ಕೇಳಿಸಿ ಪರೀಕ್ಷಿಸಿದರು. ಆರರಿಂದ ಎಂಟು ತಿಂಗಳ ಕೂಸುಗಳು ಅವನ್ನು ಚೆನ್ನಾಗಿ ಬೇರ್ಪಡಿಸಿದುವು. ಹತ್ತರಿಂದ ಹನ್ನೆರಡು ತಿಂಗಳಿನವುಗಳಲ್ಲಿ ಬಹುತೇಕ ಆ ಶಕ್ತಿ ಕಂಡುಬರಲಿಲ್ಲ. 1984ರಲ್ಲಿ ಪ್ರಕಟವಾದ ಈ ಶೋಧ ಹೇಳುವುದಿಷ್ಟು: ಮೊದಲ ಮಾತನ್ನು ಆಡುವುದಕ್ಕೆ ಮುಂಚೆಯೇ ಮಗು ತನ್ನ ಸುತ್ತಿನ ಭಾಷೆಗೆ ಕಿವಿಯನ್ನು ಹದಗೊಳಿಸಿಕೊಂಡಿರುತ್ತದೆ.

ಹಾಗಾದರೆ ಯಂತ್ರವೊಂದನ್ನು ಹಚ್ಚಿಟ್ಟರೆ ಸಾಲದೆ? ಸಾಲದು. ಅಮೆರಿಕದ ಪೆಟ್ರೀಷಿಯ ಕೂಲ್ ಮತ್ತು ಸಂಗಡಿಗರು ಒಂಬತ್ತು ತಿಂಗಳ ಶಿಶುಗಳಿಗೆ ಚೀನೀ ಭಾಷೆಯನ್ನು ಕೇಳಿಸಿದರು. ಎದುರಿಗೆ ಕುಳಿತು ಆಡಿಸಿದವರಿಂದ ಶಿಶುಗಳು ಆ ಭಾಷೆಯ ಧ್ವನಿಗಳನ್ನು ಕಲಿತುವು. ಅದೇ ಮಾತುಗಳನ್ನು ದೂರದರ್ಶನದ ಪರದೆಯಲ್ಲಿ ತೋರಿಸಿದಾಗ ಕಲಿಯಲಿಲ್ಲ. 2003ರ ಈ ಪ್ರಯೋಗ ಇಂದಿನ ತಾಯಂದಿರಿಗೂ ಪಾಠವಾಗಬೇಕು. ಕೂಸಿಗೆ ಬೇಕಾದುದು ಸದ್ದಲ್ಲ, ತನ್ನ ನೋಟಕ್ಕೆ ನೋಟವನ್ನೂ ಉಲಿಗೆ ಉಲಿಯನ್ನೂ ಹಿಂದಿರುಗಿಸುವ ಮನುಷ್ಯಜೀವಿ.

ಬಟ್ಟೆ ಬದಲಿಸುವುದರಲ್ಲಿ ಏನಿದೆ?

ಆದರೆ ಹತ್ತು ಕೂಸುಗಳಿರುವಲ್ಲಿ ಅಷ್ಟು ವ್ಯವಧಾನವೆಲ್ಲಿ? ಹಂಗೇರಿಯ ವೈದ್ಯೆ ಎಮ್ಮಿ ಪಿಕ್ಲರ್ 1946ರಲ್ಲಿ ಬುಡಾಪೆಸ್ಟಿನಲ್ಲಿ ಶಿಶುಗೃಹವೊಂದನ್ನು ತೆರೆದಾಗ ಎದುರಿಸಿದುದು ಇದೇ ಪ್ರಶ್ನೆಯನ್ನು. ಆಕೆ ಕಂಡುಕೊಂಡ ಉಪಾಯ ಸರಳ. ಸ್ನಾನ, ಉಣಿಸು, ಬಟ್ಟೆ ಬದಲಾವಣೆ—ಇವು ಹೇಗೂ ಪ್ರತಿಯೊಂದು ಮಗುವಿಗೂ ನಡೆಯಲೇಬೇಕಾದ ಕೆಲಸಗಳು. ಆ ಹೊತ್ತನ್ನು ಪೂರ್ತಿಯಾಗಿ ಆ ಮಗುವಿಗೇ ಕೊಡಬೇಕು. ಅವಸರವಿಲ್ಲದ ಕೈ, ಮೆಲುದನಿ; ‘ಈಗ ತೋಳನ್ನು ತೂರಿಸೋಣ’ ಎಂದು ಹೇಳಿ, ಮಗು ತಾನಾಗಿ ತೋಳು ಚಾಚುವವರೆಗೆ ತುಸು ಕಾಯುವುದು. ಉಳಿದ ವೇಳೆಯಲ್ಲಿ ಅದು ನೆಲದ ಮೇಲೆ ತನ್ನಷ್ಟಕ್ಕೆ ಹೊರಳಿ, ತೆವಳಿ, ಆಡಲಿ. ನೋಡುವವರಿಗೆ ಇದು ಏನೂ ಅಲ್ಲವೆಂದು ತೋರೀತು. ಆದರೆ ದಿನಕ್ಕೆ ಹಲವು ಬಾರಿ, ದಣಿದಾಗಲೂ, ಅಳುವ ಇನ್ನೊಂದು ಕೂಸು ಪಕ್ಕದಲ್ಲಿರುವಾಗಲೂ ಹೀಗೆ ಮಾಡುವುದಕ್ಕೆ ಅಭ್ಯಾಸ ಬೇಕು, ಗುರು ಬೇಕು.

ವಾರಕ್ಕೊಂದು ಗಂಟೆ

ಈ ವಿದ್ಯೆಯ ಬೆಲೆಯನ್ನು ಅಳೆದು ತೋರಿಸಿದುದು ಕೆರಿಬಿಯನ್ ಸಮುದ್ರದ ದ್ವೀಪವಾದ ಜಮೈಕ. ಅಲ್ಲಿಯ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ ಡಾ. ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು 1986ರಲ್ಲಿ ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆಯದ 129 ಮಕ್ಕಳನ್ನು ಆರಿಸಿ ನಾಲ್ಕು ಪಂಗಡ ಮಾಡಿದರು. ಒಂದಕ್ಕೆ ಪೌಷ್ಟಿಕ ಆಹಾರ, ಒಂದಕ್ಕೆ ಆಟಪಾಠ, ಒಂದಕ್ಕೆ ಎರಡೂ, ಒಂದಕ್ಕೆ ಎರಡೂ ಇಲ್ಲ. ಆಟಪಾಠವೆಂದರೆ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆ ವಾರಕ್ಕೊಮ್ಮೆ ಮನೆಗೆ ಬಂದು, ಮನೆಯಲ್ಲೇ ಮಾಡಿದ ಆಟಿಕೆಗಳಿಂದ ಮಗುವನ್ನು ಹೇಗೆ ಆಡಿಸಬೇಕು, ಹೇಗೆ ಮಾತನಾಡಿಸಬೇಕೆಂದು ಒಂದು ಗಂಟೆ ತಾಯಿಗೆ ತೋರಿಸುವುದು. ಎರಡು ವರ್ಷ ಇದು ನಡೆಯಿತು. ಆ ಮಕ್ಕಳು ಬೆಳೆದು ದುಡಿಯತೊಡಗಿದ ಮೇಲೆ ಅವರನ್ನು ಮತ್ತೆ ಹುಡುಕಿ ವಿಚಾರಿಸಿದರು. 2014ರಲ್ಲಿ ಪ್ರಕಟವಾದ ಲೆಕ್ಕದಂತೆ, ಆಟಪಾಠ ಪಡೆದವರ ಸಂಪಾದನೆ ಪಡೆಯದವರಿಗಿಂತ ಶೇಕಡ 25ರಷ್ಟು ಹೆಚ್ಚಾಗಿತ್ತು. ಆಹಾರ ಅನಾವಶ್ಯಕವೆಂದು ಇದರ ಅರ್ಥವಲ್ಲ. ಅನ್ನವೊಂದೇ ಸಾಲದೆಂದು ಅರ್ಥ.

ಅಂಗಳದಿಂದ ಅಂಗನವಾಡಿಗೆ

ನಮ್ಮ ದೇಶಕ್ಕೂ ಈ ವಿದ್ಯೆ ಹೊಸದಲ್ಲ. ಗಿಜುಭಾಯಿ ಬಧೇಕ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದರು. ಅವರ ಸಹೋದ್ಯೋಗಿಯಾಗಿದ್ದ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಕರಾವಳಿಯ ಬೋರ್ಡಿಯಲ್ಲಿ ಹಳ್ಳಿಯ ಮಕ್ಕಳಿಗಾಗಿ ಕೆಲಸ ಆರಂಭಿಸಿದರು. ಬಡವರ ಮಕ್ಕಳು ಶಾಲೆಗೆ ಬಾರದಿದ್ದುದನ್ನು ಕಂಡು ಶಾಲೆಯನ್ನೇ ಅವರ ಅಂಗಳಕ್ಕೆ ಒಯ್ದರು. ಅಂಗನವಾಡಿಯೆಂಬ ಹೆಸರಿನ ಬೇರು ಈ ಅಂಗಳದಲ್ಲಿದೆ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಮೊದಲಾದಾಗ ಕರ್ನಾಟಕದ ಪಾಲಿಗೆ ಬಂದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ, ನೂರು ಅಂಗನವಾಡಿಗಳೊಡನೆ. ಇಂದು ಅಂಗನವಾಡಿಯಿಲ್ಲದ ಊರು ಅಪರೂಪ.

ಅಂಗನವಾಡಿಯ ಕಾರ್ಯಕರ್ತೆಯಲ್ಲದೆ ಈ ಕ್ಷೇತ್ರದಲ್ಲಿ ಬೇರೆ ಉದ್ಯೋಗಗಳೂ ಇವೆ. ಅವರ ಕೆಲಸವನ್ನು ನೋಡಿಕೊಳ್ಳುವ ಮೇಲ್ವಿಚಾರಕಿಯರು ಮತ್ತು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು. ದಿನ ತುಂಬದೆ ಹುಟ್ಟಿದ ಶಿಶುಗಳನ್ನು ಉಳಿಸುವ ದಾದಿಯರು. ಕಿವಿ ಕೇಳದ ಮಗುವನ್ನು ಮೊದಲ ತಿಂಗಳುಗಳಲ್ಲಿಯೇ ಗುರುತಿಸುವ ವಾಕ್‌ಶ್ರವಣ ತಜ್ಞರು. ಈ ಕೊನೆಯ ವಿದ್ಯೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹೆಸರಾದ ನೆಲೆ. 2017ರ ಹೆರಿಗೆ ಸೌಲಭ್ಯ ಕಾಯಿದೆಯ ತಿದ್ದುಪಡಿ ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯಗೊಳಿಸಿತು. ಹಳ್ಳಿಯ ಕೂಲಿಕಾರ ತಾಯಂದಿರ ಮಕ್ಕಳಿಗಾಗಿ ಕರ್ನಾಟಕ ಸರಕಾರ 2023ರಲ್ಲಿ ‘ಕೂಸಿನ ಮನೆ’ಗಳನ್ನು ಹೂಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹನ್ನೆರಡನೆಯ ತರಗತಿ ಓದಿದ ಅಂಗನವಾಡಿ ಕಾರ್ಯಕರ್ತೆಯರಿಗೆ ಆರು ತಿಂಗಳ, ಕಡಿಮೆ ಓದಿದವರಿಗೆ ಒಂದು ವರ್ಷದ ತರಬೇತಿಯನ್ನು ವಿಧಿಸಿದೆ.

ಇಷ್ಟಾದರೂ ಒಂದು ಮಾತು ಉಳಿದಿದೆ. ತೂಕ ಅಳೆದು, ಉಣಿಸಿ, ಲಸಿಕೆಗೆ ಕರೆತಂದು, ಹಾಡು ಕಥೆ ಹೇಳಿ, ಪುಸ್ತಕಗಳಲ್ಲಿ ಲೆಕ್ಕ ಬರೆದಿಡುವ ಅಂಗನವಾಡಿ ಕಾರ್ಯಕರ್ತೆ ಕಾಗದದ ಮೇಲೆ ಗೌರವ ಸೇವಕಿ. ಆಕೆಗೆ ದೊರೆಯುವುದು ಸಂಬಳವಲ್ಲ, ಗೌರವಧನ. ಆಕೆ ಸರಕಾರಿ ಹುದ್ದೆಯವಳಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2006ರಲ್ಲಿ, ಕರ್ನಾಟಕದಿಂದ ಹೋದ ಮೊಕದ್ದಮೆಯೊಂದರಲ್ಲಿಯೇ ಹೇಳಿತು. 2022ರಲ್ಲಿ ಅದೇ ನ್ಯಾಯಾಲಯ, ಆಕೆಗೂ ಸಹಾಯಕಿಗೂ ಉಪದಾನ ಪಡೆಯುವ ಹಕ್ಕುಂಟೆಂದು ತೀರ್ಪಿತ್ತಿತು. ಹದಿನಾರು ವರ್ಷಗಳಲ್ಲಿ ಒಂದು ಮೆಟ್ಟಿಲು.

ಮಿದುಳು ಅತಿ ವೇಗವಾಗಿ ಬೆಳೆಯುವ ವರ್ಷಗಳನ್ನು ನಾವು ಯಾರ ಕೈಗೆ ಒಪ್ಪಿಸುತ್ತೇವೆಯೋ ಅವರಿಗೇ ಕನಿಷ್ಠ ತರಬೇತಿಯನ್ನೂ ಕನಿಷ್ಠ ಪ್ರತಿಫಲವನ್ನೂ ಕೊಡುವುದು ಜಾಣತನವಲ್ಲ. ಮುಂದೆ ಯಾವ ಮನೆಯಲ್ಲಾದರೂ ಹುಡುಗಿಯಾಗಲಿ ಹುಡುಗನಾಗಲಿ ಈ ಉದ್ಯೋಗದ ಮಾತೆತ್ತಿದಾಗ ಹಿರಿಯರು ಸುಮ್ಮನಾಗದಿರಲಿ. ‘ಎಲ್ಲಿ ಕಲಿಯುತ್ತಿ? ಯಾರ ಬಳಿ ಕಲಿಯುತ್ತಿ?’ ಎಂದು ಕೇಳಲಿ. ಇಂಜಿನಿಯರಾಗುವೆನೆಂದ ಮಗಳಿಗೆ ಕೇಳುವುದೂ ಅದನ್ನೇ ಅಲ್ಲವೆ?