ಕೆಚ್ಚಲು ಬಾವು: ಹಸುವಿನ ಕೆಚ್ಚಲು ಸೋಂಕನ್ನು ಗುರುತಿಸುವ ಬಗೆ

ಕೆಚ್ಚಲು ಊದಿಕೊಂಡು ಬಿಸಿಯಾಗುವುದು, ಹಾಲಿನಲ್ಲಿ ಗರಣೆಗಳು ಕಾಣಿಸುವುದು, ಹಾಲು ನೀರಾಗುವುದು ಕೆಚ್ಚಲು ಬಾವಿನ ಲಕ್ಷಣಗಳೆಂದು ಹೈನುಗಾರರು ಬಲ್ಲರು. ಇವುಗಳಲ್ಲಿ ಬಹುಪಾಲು ಹಸುವಿನ ದೇಹವು ಬ್ಯಾಕ್ಟೀರಿಯಾಗಳ ವಿರುದ್ಧ ನಡೆಸುವ ಹೋರಾಟದ ಗುರುತುಗಳು. ಹೋರಾಟ ಮಂದವಾಗಿದ್ದಲ್ಲಿ ಲಕ್ಷಣಗಳು ತೋರುವುದಿಲ್ಲ. ಸೋಂಕು ಮಾತ್ರ ಒಳಗೇ ಉಳಿಯುತ್ತದೆ. ಆದ್ದರಿಂದ ಈ ಕ್ರಿಯೆಯನ್ನು ಅರಿತಿರುವುದು ಅವಶ್ಯಕ.

ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ಮೊಲೆತೊಟ್ಟಿನ ತುದಿಯ ಕಿರಿದಾದ ನಾಳದ ಮೂಲಕ ಒಳಸೇರುತ್ತವೆ. ಬಿಗಿಯಾದ ಸ್ನಾಯು ಮತ್ತು ಒಳಗಿನ ಕೆರಾಟಿನ್ ಪದರ ಈ ಬಾಗಿಲನ್ನು ಕಾಯುತ್ತವೆ. ಕೊಂಬು, ಗೊರಸುಗಳಲ್ಲಿರುವುದೂ ಕೆರಾಟಿನ್ ವಸ್ತುವೇ. ಹಾಲು ಕರೆದ ನಂತರ ನಾಳವು ಪೂರ್ಣವಾಗಿ ಮುಚ್ಚಿಕೊಳ್ಳಲು ಅರ್ಧ ಗಂಟೆಗೂ ಹೆಚ್ಚು ಸಮಯ ಬೇಕಾಗಬಹುದು. ಕರೆದ ಕೂಡಲೇ ಹಸುವಿನ ಮುಂದೆ ಮೇವು ಹಾಕಿ, ಅದು ಸಗಣಿಯ ಮೇಲೆ ಮಲಗದೆ ನಿಂತಿರುವಂತೆ ನೋಡಿಕೊಳ್ಳಬೇಕೆಂದು ತಿಳಿಸುವುದು ಇದೇ ಕಾರಣದಿಂದ.

ಬಾಗಿಲು ದಾಟಿದ ಬ್ಯಾಕ್ಟೀರಿಯಾವನ್ನು ಮೊದಲು ಗುರುತಿಸುವವುಗಳಲ್ಲಿ ಕೆಚ್ಚಲಿನ ಒಳಪದರದ ಜೀವಕೋಶಗಳೂ ಸೇರಿವೆ. ಹಾಲನ್ನು ಉತ್ಪಾದಿಸುವ ಕೋಶಗಳೂ ಈ ಕಾವಲು ಕೆಲಸದಲ್ಲಿ ಪಾಲುಗೊಳ್ಳುತ್ತವೆ ಎಂಬುದು ಗಮನಾರ್ಹ. ಅವುಗಳಲ್ಲಿರುವ ‘ಟೋಲ್ ಮಾದರಿಯ ಗ್ರಾಹಕ’ಗಳೆಂಬ ಪ್ರೋಟೀನುಗಳು ಬ್ಯಾಕ್ಟೀರಿಯಾದ ಹೊರಗೋಡೆಯ ವಸ್ತುಗಳನ್ನು ಗುರುತು ಹಿಡಿಯುತ್ತವೆ. ಸಗಣಿಯಲ್ಲಿರುವ ಇ. ಕೋಲಿಯನ್ನು ಮುಖ್ಯವಾಗಿ 4ನೆಯ ಗ್ರಾಹಕ ಗುರುತಿಸಿದರೆ, ಸ್ಟಫೈಲೊಕಾಕಸ್ ಆರಿಯಸ್ ಅನ್ನು ಗುರುತಿಸುವುದರಲ್ಲಿ 2ನೆಯ ಗ್ರಾಹಕಕ್ಕೆ ಪಾತ್ರವಿದೆ. ಇಂತಹ ಗ್ರಾಹಕಗಳ ಕುರಿತ ಸಂಶೋಧನೆಗಾಗಿ ಬ್ರೂಸ್ ಬ್ಯೂಟ್ಲರ್ ಮತ್ತು ಜೂಲ್ಸ್ ಹಾಫ್‌ಮನ್ ಅವರು 2011ರಲ್ಲಿ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ಗುರುತು ಸಿಕ್ಕೊಡನೆ ಜೀವಕೋಶಗಳು ಇಂಟರ್‌ಲ್ಯೂಕಿನ್-8 ಮೊದಲಾದ ಸಂದೇಶ ವಸ್ತುಗಳನ್ನು ಹೊರಸೂಸಿ, ರಕ್ತದಲ್ಲಿರುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಕರೆಸಿಕೊಳ್ಳುತ್ತವೆ. ಆರೋಗ್ಯವಂತ ಕೆಚ್ಚಲಿನ ಒಂದು ಮಿಲಿಲೀಟರ್ ಹಾಲಿನಲ್ಲಿ ಸಾಮಾನ್ಯವಾಗಿ 1 ಲಕ್ಷಕ್ಕಿಂತ ಕಡಿಮೆಯಿರುವ ಕೋಶಗಳ ಸಂಖ್ಯೆ ಕೆಲವೇ ಗಂಟೆಗಳಲ್ಲಿ ಹಲವು ಪಟ್ಟು ಏರುತ್ತದೆ. ರಕ್ತದ ಉಪ್ಪಿನಂಶವೂ ಹಾಲಿಗೆ ಸೋರುವುದರಿಂದ ಹಾಲು ಉಪ್ಪಾಗುತ್ತದೆ.

ಈ ಹೋರಾಟಕ್ಕೆ ಬೆಲೆಯೂ ಉಂಟು. ಬಿಳಿ ರಕ್ತಕಣಗಳು ಹಾಲಿನ ಕೊಬ್ಬು ಮತ್ತು ಕೇಸಿನ್ ಕಣಗಳನ್ನೂ ನುಂಗುವುದರಿಂದ ಬ್ಯಾಕ್ಟೀರಿಯಾವನ್ನು ಕೊಲ್ಲುವ ಅವುಗಳ ಶಕ್ತಿ ಕುಂದುತ್ತದೆ. ಅವು ಹೊರಬಿಡುವ ತೀಕ್ಷ್ಣ ವಸ್ತುಗಳಿಂದ ಹಾಲು ಉತ್ಪಾದಿಸುವ ಕೋಶಗಳೇ ಸಾಯುತ್ತವೆ. ಆ ಸ್ಥಳದಲ್ಲಿ ನಾರಿನ ಅಂಗಾಂಶ ಬೆಳೆದಲ್ಲಿ ಕೆಚ್ಚಲಿನ ಆ ಭಾಗ ಗಟ್ಟಿಯಾಗಿ ಹಾಲು ಶಾಶ್ವತವಾಗಿ ಕುಗ್ಗಬಹುದು.

ಇ. ಕೋಲಿ ಸೋಂಕಿಗೆ ಕೆಚ್ಚಲು ಬೇಗನೆ, ತೀವ್ರವಾಗಿ ಪ್ರತಿಕ್ರಿಯಿಸುತ್ತದೆ. ಹಸು ಜ್ವರದಿಂದ ಮೇವು ಬಿಡುತ್ತದೆ, ಮಾಲೀಕರಿಗೆ ಅಂದೇ ತಿಳಿಯುತ್ತದೆ. ಇದು ಪ್ರಾಣಾಪಾಯಕ್ಕೂ ಎಡೆಮಾಡಬಹುದಾದ್ದರಿಂದ ತಕ್ಷಣ ಚಿಕಿತ್ಸೆ ಅಗತ್ಯ. ಸ್ಟಫೈಲೊಕಾಕಸ್ ಆರಿಯಸ್ ಹಾಗಲ್ಲ. ಅದಕ್ಕೆ ಕೆಚ್ಚಲಿನ ಪ್ರತಿಕ್ರಿಯೆ ಸಾಮಾನ್ಯವಾಗಿ ನಿಧಾನ ಹಾಗೂ ದುರ್ಬಲ. ಕೆಚ್ಚಲಿನ ಜೀವಕೋಶಗಳ ಒಳಗೇ ಅಡಗಿಕೊಳ್ಳುವ ಸಾಮರ್ಥ್ಯವೂ ಅದಕ್ಕಿದೆ. ಹಾಲು ನೋಟಕ್ಕೆ ಚೆನ್ನಾಗಿಯೇ ಇರುತ್ತದೆ, ಇಳುವರಿ ಮಾತ್ರ ದಿನೇ ದಿನೇ ಇಳಿಯುತ್ತದೆ. ಕರೆಯುವವರ ಕೈಗಳ ಮೂಲಕ ಅದು ಪಕ್ಕದ ಹಸುವಿಗೂ ಹರಡುತ್ತದೆ.

ಇಂತಹ ಗುಪ್ತ ಸೋಂಕನ್ನು ಪತ್ತೆಹಚ್ಚಲು ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಪರೀಕ್ಷೆ ಸುಲಭ ವಿಧಾನ. ಕೆಚ್ಚಲಿನ ನಾಲ್ಕು ಭಾಗಗಳ ಹಾಲು ಒಳಗೆ ಬೆರೆಯದ ಕಾರಣ ಪ್ರತಿ ತೊಟ್ಟಿನ ಹಾಲನ್ನೂ ಪ್ರತ್ಯೇಕ ಬಟ್ಟಲಿಗೆ ಕರೆದು, ಸಮಪ್ರಮಾಣದ ಪರೀಕ್ಷಾ ದ್ರಾವಣ ಬೆರೆಸಲಾಗುತ್ತದೆ. ದ್ರಾವಣವು ಬಿಳಿ ರಕ್ತಕಣಗಳನ್ನು ಒಡೆದಾಗ ಹೊರಬರುವ ಡಿಎನ್‌ಎಯಿಂದ ಮಿಶ್ರಣವು ಲೋಳೆಯಂತಾದರೆ ಸೋಂಕನ್ನು ಶಂಕಿಸಬೇಕು. ಕೋಶಗಳ ಸಂಖ್ಯೆ ಮಿಲಿಲೀಟರಿಗೆ 2 ಲಕ್ಷ ಮೀರಿದ್ದಲ್ಲಿ ಸಾಮಾನ್ಯವಾಗಿ ಸೋಂಕಿದೆಯೆಂದು ಪರಿಗಣಿಸಲಾಗುತ್ತದೆ. ಕರು ಹಾಕಿದ ಮೊದಲ ದಿನಗಳಲ್ಲಿ ಈ ಸಂಖ್ಯೆ ಸಹಜವಾಗಿಯೇ ಹೆಚ್ಚಿರುತ್ತದೆ.

ಪ್ರಯೋಗಾಲಯದ ಪರೀಕ್ಷೆಗೆ ಹಾಲಿನ ಮಾದರಿಯನ್ನು ಪ್ರತಿಜೈವಿಕ ಔಷಧ ನೀಡುವ ಮೊದಲೇ ಪಡೆಯತಕ್ಕದ್ದು. ತೊಟ್ಟಿನ ತುದಿಯನ್ನು ಸ್ಪಿರಿಟ್‌ನಿಂದ ಒರೆಸಿ, ಮೊದಲ ಕೆಲವು ಧಾರೆಗಳನ್ನು ಬಿಟ್ಟು, ಕ್ರಿಮಿಶುದ್ಧ ಶೀಶೆಯಲ್ಲಿ ಸಂಗ್ರಹಿಸಿ ಮಂಜುಗಡ್ಡೆಯಲ್ಲಿರಿಸಿ ತಲುಪಿಸುವುದು. ಚಿಕಿತ್ಸೆ ಪಡೆದ ಹಸುವಿನ ಹಾಲನ್ನು ಪಶುವೈದ್ಯರು ಸೂಚಿಸಿದ ಅವಧಿ ಮುಗಿಯುವವರೆಗೆ ಡೇರಿಗೆ ಹಾಕಬಾರದು. ಜಾನುವಾರು ಮಾಲೀಕರು ಸಮೀಪದ ಪಶು ಚಿಕಿತ್ಸಾಲಯವನ್ನು ಅಥವಾ ಪಶು ಸಹಾಯವಾಣಿ 1962 ಅನ್ನು ಸಂಪರ್ಕಿಸಲು ಕೋರಲಾಗಿದೆ.