ಕೊಳವೆದೀಪವೂ ಕಡೆಯ ಕಂಬವೂ

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಮುಟ್ಟಿದುದು ಕೋಲಾರದ ಚಿನ್ನದ ಗಣಿಗಳನ್ನು. ಬೆಂಗಳೂರಿನ ಬೀದಿಗಳು ಬೆಳಗಿದುದು 1905ರಲ್ಲಿ. ಗಣಿಗಳು 2001ರಲ್ಲಿ ಮುಚ್ಚಿಹೋದುವು. ವಿದ್ಯುತ್ತಿನ ಚರಿತ್ರೆಯಲ್ಲಿ ಇಂತಹ ಅಗ್ರಸ್ಥಾನವುಳ್ಳ ಸೀಮೆಯಲ್ಲಿಯೇ ಸಂಜೆಯ ಹೊತ್ತು ಟ್ಯೂಬ್‌ಲೈಟುಗಳು ಹೊತ್ತಿಕೊಳ್ಳಲಾರದೆ ಮಿಣುಕುತ್ತಿದ್ದುದನ್ನು ವಾಚಕರು ಮರೆತಿರಲಾರರು.

ಇದಕ್ಕೆ ಕಾರಣವು ಗೂಢವಾದುದಲ್ಲ. ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಬೇಸಾಯವು ಕೊಳವೆಬಾವಿಗಳನ್ನು ನಂಬಿರತಕ್ಕದ್ದು. ಒಂದೇ ತಂತಿಯ ಮೇಲೆ ಹಲವು ಪಂಪುಗಳು ಏಕಕಾಲದಲ್ಲಿ ತಿರುಗಿದರೆ, ಕಡೆಯ ಕಂಬದ ಮನೆಗೆ 230 ವೋಲ್ಟು ತಲುಪುವುದಿಲ್ಲ.

ಹಳೆಯ ಸ್ಟಾರ್ಟರಿನಲ್ಲಿ ಅನಿಲ ತುಂಬಿದ ಸಣ್ಣ ಗಾಜಿನ ಬುರುಡೆಯೊಂದಿದೆ. ಅನಿಲವು ಮಿನುಗಿದಾಗ, ಅದರೊಳಗಿನ ಜೋಡಿಲೋಹದ ಪಟ್ಟಿಯು ಕಾದು ಬಾಗಿ, ಕೊಳವೆಯ ಎರಡು ತುದಿಗಳ ತಂತಿಗಳಿಗೂ ಪ್ರವಾಹವನ್ನು ಹರಿಯಬಿಡುತ್ತದೆ. ಪಟ್ಟಿಯು ಆರಿ ಬಿಟ್ಟುಕೊಂಡೊಡನೆ ಚೋಕು ಕ್ಷಣಮಾತ್ರ ನೂರಾರು ವೋಲ್ಟುಗಳ ಪೆಟ್ಟನ್ನು ಕೊಡುತ್ತದೆ, ದೀಪ ಹೊತ್ತುತ್ತದೆ. ಒತ್ತಡ ಕುಗ್ಗಿದರೆ ಈ ಆಟವು ಮತ್ತೆ ಮತ್ತೆ ನಡೆದು ಕೊಳವೆಯ ತುದಿಗಳು ಕಪ್ಪಾಗುತ್ತವೆ. ದೀಪದ ಆಯುಸ್ಸು ಕ್ಷೀಣಿಸುತ್ತದೆ.

ಎಲೆಕ್ಟ್ರಾನಿಕ್ ಸ್ಟಾರ್ಟರು ಈ ಕೆಲಸವನ್ನು ಬಾಗುವ ಪಟ್ಟಿಗೆ ಬಿಡದೆ ಅರೆವಾಹಕಕ್ಕೆ ಒಪ್ಪಿಸಿತು. ಅದು ತುದಿಗಳನ್ನು ಗೊತ್ತಾದಷ್ಟು ಹೊತ್ತು ಕಾಯಿಸಿ, ತಕ್ಕ ಕ್ಷಣದಲ್ಲಿ ಪ್ರವಾಹವನ್ನು ಕಡಿಯುತ್ತದೆ. ಒಳ್ಳೆಯ ತಯಾರಿಕೆಯದಾದರೆ, ಸತ್ತ ಕೊಳವೆಯನ್ನು ನಾಲ್ಕಾರು ಬಾರಿ ಪರೀಕ್ಷಿಸಿ ಸುಮ್ಮನಾಗುತ್ತದೆ. ಹಳೆಯ ಚೋಕನ್ನು ಎಸೆಯಬೇಕಾಗಿಲ್ಲ. ಬಡವರ ಮನೆಗೂ ಸರ್ಕಾರದ ಶಾಲೆಗೂ ಒಪ್ಪುವ ಮಿತವ್ಯಯದ ವಿದ್ಯೆಯೆಂದರೆ ಇದೇ.

ಈಗ ಎಲ್‌ಇಡಿ ದೀಪವು ಸ್ಟಾರ್ಟರಿನ ಹಂಗನ್ನೇ ತೊಡೆದಿದೆ. ಪಾದರಸವುಳ್ಳ ಕೊಳವೆದೀಪಗಳ ತಯಾರಿಕೆಯನ್ನು 2027ರೊಳಗೆ ನಿಲ್ಲಿಸಬೇಕೆಂದು ಮಿನಮಾಟಾ ಒಪ್ಪಂದದ ರಾಷ್ಟ್ರಗಳು 2023ರಲ್ಲಿ ನಿಶ್ಚಯಿಸಿವೆ. ಕಚೇರಿಗಳಿಂದಲೂ ಶಾಲೆಗಳಿಂದಲೂ ಇಳಿಸಿದ ಕೊಳವೆಗಳನ್ನು ತಿಪ್ಪೆಗೆ ಎಸೆಯದೆ ಪ್ರತ್ಯೇಕವಾಗಿ ಸಂಗ್ರಹಿಸುವುದು ಪುರಸಭೆಗಳ ಕರ್ತವ್ಯವೆಂದು ನಾವು ಭಾವಿಸುತ್ತೇವೆ.

ಆದರೆ ದೀಪ ಬದಲಾದ ಮಾತ್ರಕ್ಕೆ ತಂತಿಯ ರೋಗ ವಾಸಿಯಾಗದು. ಎಲ್‌ಇಡಿಯು ಕುಗ್ಗಿದ ಒತ್ತಡದಲ್ಲಿಯೂ ಬೆಳಗಿ ಆ ರೋಗವನ್ನು ಮರೆಮಾಡಬಹುದು. ರೈತನ ಪಂಪಿನ ಮೋಟಾರು ಮಾತ್ರ ಅದೇ ಒತ್ತಡದಲ್ಲಿ ಸುಟ್ಟುಹೋಗುತ್ತದೆ. ಮಿಣುಕುವ ಕೊಳವೆಯು ಹಿಂದೆ ಹೇಳುತ್ತಿದ್ದ ದೂರನ್ನು ಇನ್ನು ಹೇಳುವವರಿಲ್ಲ. ಆದುದರಿಂದ ಅಧಿಕಾರಿಗಳು ಕಡೆಯ ಕಂಬದಲ್ಲಿಯೇ ವೋಲ್ಟನ್ನು ಅಳೆದು ನೋಡಬೇಕು. ವಿದ್ಯುತ್ತಿನ ವ್ಯವಸ್ಥೆಯ ಯೋಗ್ಯತೆ ತಿಳಿಯುವುದು ಅಲ್ಲಿಯೇ.