ಒಂದೇ ರೂಪದ ಗಡ್ಡೆಗಳ ಭಿನ್ನ ಸ್ವಭಾವ

ನೋವಿಲ್ಲದೆ ಮೂತ್ರದಲ್ಲಿ ಒಂದು ದಿನ ರಕ್ತ ಕಾಣಿಸಿಕೊಂಡು ಮರುದಿನವೇ ನಿಂತುಹೋದರೆ, ಮೈಗೆ ಉಷ್ಣವಾಗಿತ್ತೆಂದು ಬಗೆದು ಎಳನೀರು ಕುಡಿದು ಸುಮ್ಮನಾಗುವವರು ನಮ್ಮಲ್ಲಿ ಬಹುಮಂದಿ. ಆದರೆ ಮೂತ್ರಕೋಶದ ಅರ್ಬುದವು ಸಾಮಾನ್ಯವಾಗಿ ತನ್ನ ಆಗಮನವನ್ನು ಸೂಚಿಸುವುದು ಈ ಬಗೆಯಲ್ಲಿಯೇ ಆದುದರಿಂದ, ವಿಶೇಷತಃ ಧೂಮಪಾನದ ಅಭ್ಯಾಸವುಳ್ಳವರು ಇದನ್ನು ಉಪೇಕ್ಷಿಸಲಾಗದು.

ರೋಗವು ಪತ್ತೆಯಾದವರಲ್ಲಿ ಸುಮಾರು ನಾಲ್ವರಲ್ಲಿ ಮೂವರಿಗೆ ಅದು ಇನ್ನೂ ಕೋಶದ ಸ್ನಾಯುವನ್ನು ಹೊಕ್ಕಿರುವುದಿಲ್ಲ. ವೈದ್ಯರು ಮೂತ್ರದ್ವಾರದಿಂದ ದುರ್ಬೀನನ್ನು ತೂರಿಸಿ ನೋಡಿದಾಗ, ನೀರು ತುಂಬಿದ ಕೋಶದೊಳಗೆ ಹೂಕೋಸಿನ ಎಸಳುಗಳಂತೆ ಕವಲೊಡೆದು ತೊನೆಯುವ ಗಡ್ಡೆ ಕಾಣಿಸಬಹುದು. ಅಥವಾ ಗಡ್ಡೆಯೆಂಬುದೇ ಇಲ್ಲದೆ ಕೆಂಪೇರಿದ ಚಪ್ಪಟೆ ಮಚ್ಚೆಯೊಂದೇ ಕಾಣಿಸಬಹುದು, ಮತ್ತು ನೋಟಕ್ಕೆ ಅಲ್ಪವೆನಿಸುವ ಈ ಮಚ್ಚೆಯೇ ಹೆಚ್ಚು ಅಪಾಯಕಾರಿ. ಗಡ್ಡೆಯನ್ನು ಕೆತ್ತಿ ತೆಗೆದ ಮೇಲೂ ಅದು ಮತ್ತೆ ಮತ್ತೆ ಮೊಳೆಯುವುದುಂಟು. ಹಲವರಲ್ಲಿ ಅದು ಮರಳಿದರೂ ಮೇಲ್ಪದರದಲ್ಲಿಯೇ ಉಳಿಯುತ್ತದೆ. ಕೆಲವರಲ್ಲಿ ಮಾತ್ರ ಆಳಕ್ಕಿಳಿದು ಪ್ರಾಣಕ್ಕೆ ಎರವಾಗುತ್ತದೆ. ಸೂಕ್ಷ್ಮದರ್ಶಕದಡಿ ಒಂದೇ ರೂಪದಲ್ಲಿ ತೋರುವ ಎರಡು ಗಡ್ಡೆಗಳು ಹೀಗೆ ಬೇರೆ ಬೇರೆ ಹಾದಿ ಹಿಡಿಯುವುದರಿಂದಲೇ, ರೋಗಿಯು ವರ್ಷಾನುಗಟ್ಟಲೆ ಅದೇ ದುರ್ಬೀನಿನ ಪರೀಕ್ಷೆಗೆ ಮೈಯೊಡ್ಡಬೇಕಾಗಿದೆ.

ಈ ಭೇದದ ಮೂಲವನ್ನು ಅರಸಿ ಡೆನ್ಮಾರ್ಕಿನ ಆರ್‌ಹೂಸ್ ನಗರದ ಸಂಶೋಧಕರು ಯುರೋಪಿನ ಅನೇಕ ಆಸ್ಪತ್ರೆಗಳೊಡಗೂಡಿ ‘ಯುರೋಮೋಲ್’ ಎಂಬ ಅಧ್ಯಯನವನ್ನು ಕೈಗೊಂಡರು. ಯಾವ ವಂಶವಾಹಿ ಎಷ್ಟು ಚುರುಕಾಗಿದೆಯೆಂಬುದು ಅದರಿಂದ ಹೊರಡುವ ಆರ್‌ಎನ್‌ಎ ಪ್ರಮಾಣದಿಂದ ತಿಳಿಯುತ್ತದೆ. ಈ ಅಳತೆಯನ್ನಾಧರಿಸಿ 2016ರಲ್ಲಿ 460 ಗಡ್ಡೆಗಳನ್ನು ಮೂರು ವರ್ಗಗಳಾಗಿಯೂ, 2021ರಲ್ಲಿ ಇನ್ನೂ ವಿಸ್ತಾರವಾದ ಪರಿಶೀಲನೆಯಿಂದ 1, 2ಎ, 2ಬಿ, 3 ಎಂಬ ನಾಲ್ಕು ವರ್ಗಗಳಾಗಿಯೂ ಅವರು ವಿಂಗಡಿಸಿದರು.

ಇವುಗಳಲ್ಲಿ 2ಎ ವರ್ಗವೇ ಭಯಂಕರವಾದುದು. ಅಲ್ಲಿ ವರ್ಣತಂತುಗಳು ಛಿದ್ರಗೊಂಡು ಅಸ್ಥಿರವಾಗಿರುತ್ತವೆ. ಕೆಟ್ಟ ಜೀವಕೋಶವನ್ನು ತಡೆದು ನಿಲ್ಲಿಸಬೇಕಾದ ಪಿ53 ಎಂಬ ಕಾವಲು ವ್ಯವಸ್ಥೆ ಭಗ್ನವಾಗಿರುತ್ತದೆ. ಅಷ್ಟೇ ಅಲ್ಲ, ವೈರಸ್ಸುಗಳನ್ನು ಸದೆಬಡಿಯಲೆಂದು ನಿಸರ್ಗವು ನಮಗಿತ್ತ ಅಪೊಬೆಕ್ ಕಿಣ್ವಗಳು ತಮ್ಮದೇ ಜೀವಕೋಶದ ಡಿಎನ್‌ಎಯನ್ನು ತಿದ್ದಿ ಕೆಡಿಸಿದ ಗುರುತುಗಳೂ ಅಲ್ಲಿ ಹೇರಳವಾಗಿ ದೊರೆಯುತ್ತವೆ. ರಕ್ಷಣೆಗೆಂದು ಇದ್ದ ಆಯುಧವೇ ಮನೆಯವರ ಮೇಲೆ ತಿರುಗುವ ಈ ಸಂಗತಿಯನ್ನು ಓದುವಾಗ ಮನಸ್ಸು ನಿಜಕ್ಕೂ ಕಳವಳಗೊಳ್ಳುತ್ತದೆ. 2ಬಿ ವರ್ಗದ ಗಡ್ಡೆಗಳೊಳಗೆ ರೋಗನಿರೋಧಕ ಕೋಶಗಳು ದಟ್ಟವಾಗಿ ನುಗ್ಗಿರುತ್ತವೆ. 1 ಮತ್ತು 3ರಲ್ಲಿ ಎಫ್‌ಜಿಎಫ್‌ಆರ್-3 ಎಂಬ ವಂಶವಾಹಿಯ ವಿಕೃತಿ ಸಾಮಾನ್ಯ.

ಇನ್ನು ಚಿಕಿತ್ಸೆಯ ಕಡೆಗೆ ಬಂದರೆ, ನಮ್ಮ ಶಿಶುಗಳಿಗೆ ಕ್ಷಯದ ವಿರುದ್ಧ ಚುಚ್ಚುವ ಬಿಸಿಜಿ ಲಸಿಕೆಯ ಜೀವಾಣುವನ್ನೇ ಮೂತ್ರಕೋಶದೊಳಕ್ಕೆ ತುಂಬಿ, ದೇಹದ ನಿರೋಧಶಕ್ತಿಯನ್ನು ಅರ್ಬುದದ ಮೇಲೆ ಕೆರಳಿಸುವ ಚಿಕಿತ್ಸೆಯನ್ನು ಕೆನಡಾದ ವೈದ್ಯ ಆಲ್ವಾರೊ ಮೊರಾಲೆಸ್ 1976ರಲ್ಲಿ ಪ್ರಕಟಿಸಿದರು. ಅಪಾಯ ಹೆಚ್ಚಿರುವ ಗಡ್ಡೆಗಳಿಗೆ ಇಂದಿಗೂ ಅದೇ ಮುಖ್ಯ ಆಸರೆ. ಅದಕ್ಕೂ ರೋಗವು ಬಗ್ಗದಿದ್ದರೆ ರೋಗಿಗೆ ಮೂತ್ರಕೋಶವನ್ನೇ ತೆಗೆಸಿಕೊಳ್ಳುವ ಸಲಹೆ ಬರುತ್ತದೆ, ಮತ್ತು ಅನೇಕರಿಗೆ ಅದರ ಅರ್ಥ ಬಾಳಿನುದ್ದಕ್ಕೂ ಹೊಟ್ಟೆಗೆ ಅಂಟಿಸಿಕೊಂಡ ಚೀಲ. ಕಾಯಬೇಕೆ, ತೆಗೆಯಬೇಕೆ ಎಂಬ ಆ ನಿರ್ಧಾರವು ಈಗಲೂ ಮುಖ್ಯವಾಗಿ ಗಡ್ಡೆಯ ಆಳ, ದರ್ಜೆ, ಗಾತ್ರ, ಸಂಖ್ಯೆಗಳನ್ನೇ ಅವಲಂಬಿಸಿದೆ. ವಂಶವಾಹಿಗಳ ಈ ವಿಂಗಡಣೆಯು ಪ್ರಯೋಗಾಲಯವನ್ನು ಬಿಟ್ಟು ಮೊದಲು ಬರಬೇಕಾದುದು ಅಂಥ ರೋಗಿ ಕುಳಿತಿರುವ ಕೋಣೆಗೇ ಎಂದು ನನಗೆ ದೃಢವಾಗಿ ಅನ್ನಿಸುತ್ತದೆ.